ಎಡ ಸೀಟಿನಿಂದ ಬಲ ಸೀಟಿಗೆ: ಬಳಕೆಯ ಕೈಪಿಡಿ

ಈ ಕೈಪಿಡಿ ಯಾರಿಗೆ

ಮದುವೆಗೆ ಮುಂಚೆ ಅಪ್ಪನ ಒತ್ತಾಯಕ್ಕೆ ಮಾರುತಿ 800ರಲ್ಲಿ ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡು, ಅದನ್ನು ಅಲ್ಲಿಂದೀಚೆಗೆ ಸಿಮ್ ಕಾರ್ಡ್ ಕೊಳ್ಳಲಿಕ್ಕೂ ರೈಲಿನಲ್ಲಿ ಟಿ.ಸಿ.ಗೆ ತೋರಿಸಲಿಕ್ಕೂ ಮಾತ್ರ ಬಳಸಿದವರಿಗೆ. ಮಗ ಬೇರೆ ಊರು ಸೇರಿದ್ದಾನೆ, ಮನೆಯವರಿಗೆ ರಾತ್ರಿ ಹೊತ್ತು ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತದೆ, ಕಾರು ಗೇಟಿನೊಳಗೆ ಧೂಳು ಹಿಡಿದು ನಿಂತಿದೆ, ನೀವು ಮಾತ್ರ ಹೊರಗೆ ನಿಂತು ಆಟೊದವನಿಗೆ ‘ಮೀಟರ್ ಮೇಲೆ ಇಪ್ಪತ್ತು ಕೊಡ್ತೀನಿ’ ಅನ್ನುತ್ತಿದ್ದೀರಿ. ಅಂಥವರಿಗೆ.

ಗಂಡಸರೂ ಬಳಸಬಹುದು. ಆದರೆ ಅವರು ‘ನನಗೆ ಕಾರು ಬಿಡಲು ಬರುವುದಿಲ್ಲ’ ಎಂದು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವ ಅಧ್ಯಾಯವನ್ನು ಮೊದಲು ಮುಗಿಸಿಕೊಂಡು ಬರಬೇಕು. ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕಾದೀತು.

ಮುನ್ನೆಚ್ಚರಿಕೆ

ಕಾರಿನ ಕೀ ಮುಟ್ಟುವ ಮೊದಲು ಲೈಸೆನ್ಸಿನ ನಾಡಿ ಹಿಡಿದು ನೋಡಿ. ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಭದ್ರವಾಗಿದೆ ಎಂದ ಮಾತ್ರಕ್ಕೆ ಅದಕ್ಕೆ ಜೀವವಿದೆ ಎಂದಲ್ಲ. 2019ರ ತಿದ್ದುಪಡಿಯ ಪ್ರಕಾರ 30ರಿಂದ 50ರ ವಯಸ್ಸಿನೊಳಗೆ ಮಾಡಿಸಿದ ಅಥವಾ ನವೀಕರಿಸಿದ ಲೈಸೆನ್ಸಿಗೆ 10 ವರ್ಷ ಆಯಸ್ಸು. 55 ದಾಟಿದವರಿಗೆ ಒಂದು ಸಲಕ್ಕೆ 5 ವರ್ಷ. ಅವಧಿ ಮುಗಿದು 1 ವರ್ಷದೊಳಗಿದ್ದರೆ ಅರ್ಜಿ ಹಾಕಿ ನವೀಕರಿಸಿಕೊಳ್ಳಬಹುದು. ವರ್ಷ ದಾಟಿತೋ, ಮತ್ತೆ ಚಾಲನಾ ಪರೀಕ್ಷೆ. ಮೊದಲು ಈ ರಿಯಾಯಿತಿ 5 ವರ್ಷ ಇತ್ತು. ಆಗಲೇ ಎದ್ದಿದ್ದರೆ ಚೆನ್ನಾಗಿತ್ತು ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಾರೆ, ಕೇಳಿಸಿಕೊಳ್ಳಿ.

40 ದಾಟಿದವರು ನಮೂನೆ 1-ಎ ಹಿಡಿದು ವೈದ್ಯರ ಸಹಿ ತರಬೇಕು. ಇದರ ಅಕ್ಕ ನಮೂನೆ 1. ನಮ್ಮ ಆರೋಗ್ಯದ ಬಗ್ಗೆ ನಾವೇ ಬರೆದುಕೊಡುವ ಘೋಷಣೆ. ಸರ್ಕಾರಿ ಕಾಗದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಎಂದು ಅದು ಕೇಳುತ್ತದೆ. ಓದಬಲ್ಲೆವು, ಬೆಂಗಳೂರಿನಲ್ಲಿ ನಮಗೂ ಆ ಕಾರಿಗೂ ನಡುವೆ 25 ಮೀಟರ್ ಖಾಲಿ ಜಾಗ ಯಾರಾದರೂ ಬಿಟ್ಟುಕೊಟ್ಟರೆ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುತ್ತವೆಯೆ? ಕಾಣುತ್ತವೆ, ಹಿಂದಿನ ಗಾಡಿಯವನಿಗೆ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ತಲೆಸುತ್ತು ಬರುತ್ತದೆಯೆ? ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಮುಂಚೆಯೋ ಆಮೇಲೋ ಎಂದು ನಮೂನೆ ಸ್ಪಷ್ಟಪಡಿಸುವುದಿಲ್ಲ. ಮಾಮೂಲಿ ಹಾರ್ನಿನ ಸದ್ದು ಕೇಳಿಸದಷ್ಟು ಕಿವಿ ಮಂದವೆ? ಕೇಳಿಸುತ್ತದೆ ಎನ್ನುವುದೇ ನಿಮ್ಮ ಕಷ್ಟ. ಅದನ್ನು ತುಂಬಲು ಅಲ್ಲಿ ಕಾಲಂ ಇಲ್ಲ.

ಈಗಾಗಲೇ ಅಳವಡಿಸಿರುವ ಭಾಗಗಳು

ಬೇರೆ ಯಂತ್ರಗಳ ಕೈಪಿಡಿಯಲ್ಲಿ ಡಬ್ಬಿಯೊಳಗೆ ಏನೇನಿದೆ ಎಂದು ಪಟ್ಟಿ ಇರುತ್ತದೆ. ಇಲ್ಲಿ ಡಬ್ಬಿ ಎಂದರೆ ನೀವೇ. ಎರಡು ದಶಕ ಎಡ ಸೀಟಿನಲ್ಲಿ ಕೂತವರಿಗೆ ರಸ್ತೆಯ ಬಗ್ಗೆ ತಿಳಿಯದ್ದು ಕಡಿಮೆ. ಬಸ್ಸು ನಿಂತಿದ್ದರೆ ಅದರ ಮೂತಿಯ ಮುಂದಿನಿಂದ ಒಬ್ಬರಾದರೂ ಓಡಿ ಬಂದೇ ಬರುತ್ತಾರೆ, ಚೆಂಡು ಉರುಳಿ ಬಂದರೆ ಹಿಂದೆ ಮಗು ಬರುತ್ತದೆ, ಬಲಕ್ಕೆ ಇಂಡಿಕೇಟರ್ ಹಾಕಿದ ಆಟೊ ಎಡಕ್ಕೂ ತಿರುಗಬಲ್ಲದು, ಬಣ್ಣ ಬಳಿಯದ ಹಂಪು ಆಸ್ಪತ್ರೆಯ ಹತ್ತಿರವೇ ಇರುತ್ತದೆ. ಇದೆಲ್ಲ ನಿಮಗೆ ಗೊತ್ತು. ‘ನೋಡಿ, ನೋಡಿ, ನಾಯಿ’ ಎಂದು ಹೇಳಿ ಎಷ್ಟು ನಾಯಿಗಳ ಪ್ರಾಣ ಉಳಿಸಿಲ್ಲ! ಬಲಗಾಲು ಖಾಲಿ ನೆಲವನ್ನು ಒತ್ತಿ ಒತ್ತಿ ಮ್ಯಾಟು ಆ ಜಾಗದಲ್ಲೇ ಸವೆದಿದೆ.

ಎಡ ಸೀಟಿನಿಂದ ಎದ್ದು ಬಲ ಸೀಟಿಗೆ ಕೂತೊಡನೆ ಈ ವಿದ್ಯೆಯೆಲ್ಲ ಕರ್ಣನ ಅಸ್ತ್ರದ ಹಾಗೆ ಕೈಕೊಡುತ್ತದೆ. ಗಾಬರಿಯಾಗಬೇಡಿ, ವಿದ್ಯೆ ಎಲ್ಲೂ ಹೋಗಿರುವುದಿಲ್ಲ. ಕಾಲಿಗೆ ಕ್ಲಚ್ಚು ತಿಳಿಯುವವರೆಗೆ ತಲೆ ಅದರ ಕಾವಲಿಗೆ ನಿಂತಿರುತ್ತದೆ, ಅಷ್ಟೇ.

ಡ್ರೈವಿಂಗ್ ಸ್ಕೂಲಿನ ಬಳಕೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಶಾಲೆಯ ತರಬೇತಿ 21 ದಿನಕ್ಕೆ ಕಡಿಮೆ ಇರಕೂಡದು, ಅದರಲ್ಲಿ ನಿಜವಾಗಿ ಗಾಡಿ ಓಡಿಸಿದ್ದು 10 ಗಂಟೆಯಾದರೂ ಆಗಬೇಕು. ದಿನಕ್ಕೆ ಅರ್ಧ ಗಂಟೆ ಎಂದು ಹಿಡಿದರೆ ಲೆಕ್ಕ ಸರಿಯಾಗಿಯೇ ಇದೆ, ಅರ್ಧ ಗಂಟೆ ಹೆಚ್ಚೇ ಆಗುತ್ತದೆ. ಆ ಅರ್ಧ ಗಂಟೆಯೊಳಗೆ ನಿಮಗಿಂತ ಮುಂಚಿನವರನ್ನು ಅವರ ಗೇಟಿಗೆ ಬಿಡುವುದು, ಮುಂದಿನವರನ್ನು ಅವರ ಅಪಾರ್ಟ್‌ಮೆಂಟಿನಿಂದ ಹತ್ತಿಸಿಕೊಳ್ಳುವುದು, ನಡುವೆ ಗ್ಯಾಸ್ ತುಂಬಿಸುವುದು ಎಲ್ಲವೂ ಸೇರಿಕೊಳ್ಳುವುದುಂಟು. ಹಣ ಕಟ್ಟುವ ಮುಂಚೆಯೇ ಇದನ್ನು ಕೇಳಿ ತಿಳಿದುಕೊಳ್ಳಿ. ಕಟ್ಟಿದ ಮೇಲೆ ಕೇಳಿದರೆ ‘ಅಡ್ಜಸ್ಟ್ ಮಾಡ್ಕೊಳಿ ಮೇಡಂ’ ಎಂಬ ಉತ್ತರ ಬರುತ್ತದೆ.

ಹಿಂದಿನ ಸೀಟಿನಲ್ಲಿ ಹದಿನೆಂಟರ ಹುಡುಗನೊಬ್ಬ ಕಾಲೇಜು ಬ್ಯಾಗು ತಬ್ಬಿಕೊಂಡು ಕೂತಿರುತ್ತಾನೆ. ಅವನು ವಾರದೊಳಗೆ ಮೂರನೇ ಗೇರಿಗೆ ಬರುತ್ತಾನೆ. ಹೋಲಿಸಿಕೊಳ್ಳಬೇಡಿ. ಅವನಿಗೆ ಕೈಕಾಲು ಮೊದಲು ಬರುತ್ತದೆ, ವಿವೇಚನೆ ಆಮೇಲೆ. ಕೆಲವರಿಗೆ ಬಂಪರ್ ಹೋದ ಮೇಲೆ. ನಿಮ್ಮದು ತಿರುವುಮುರುವು. ನಿಮ್ಮ ಹೆದರಿಕೆಯಲ್ಲಿ ಮುಕ್ಕಾಲು ಪಾಲು ಸರಿಯಾದ ತಿಳಿವಳಿಕೆಯೇ. ಈ ವ್ಯತ್ಯಾಸ ಶಾಲೆಗಳಿಗೆ ಹೊಳೆದಂತಿಲ್ಲ. ಇಬ್ಬರಿಗೂ ಒಂದೇ ಪಾಠ, ಒಂದೇ ಖಾಲಿ ಬಡಾವಣೆ, ಒಂದೇ ‘ಧೈರ್ಯ ಮಾಡಿ’. ಐವತ್ತರ ಹೆಂಗಸಿಗೆ ಧೈರ್ಯ ಹೇಳಿಕೊಡಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಒಂದು ವಾರ ಕ್ಲಚ್ಚು ಮಾತ್ರ.

ಮೇಷ್ಟರು ನಿಮ್ಮ ಮಗನಿಗಿಂತ ಎರಡು ವರ್ಷ ದೊಡ್ಡವನೋ ಚಿಕ್ಕವನೋ ಆಗಿರುತ್ತಾನೆ. ಮೊದಲ ದಿನ ‘ಮೇಡಂ’, ನಾಲ್ಕನೇ ದಿನ ‘ಆಂಟಿ’, ಎದುರಿಗೆ ನೀರಿನ ಟ್ಯಾಂಕರ್ ಬಂದಾಗ ‘ಅಮ್ಮಾ!’. ಅವನಿಗೆ ನೀವು ‘ಏನಪ್ಪಾ’ ಎಂದರೆ ಸಾಕು, ವಿದ್ಯೆ ಹೇಳಿಕೊಡುವಾಗ ಮಾತ್ರ ಬಹುವಚನ ಕೊಡಿ. ಅವನು ಕೂತಿರುವುದು ಯಾವ ಜಾಗದಲ್ಲಿ ಎಂದು ಗಮನಿಸಿದಿರಾ? ನೀವು ಇಷ್ಟು ವರ್ಷ ಕೂತಿದ್ದ ಎಡ ಸೀಟಿನಲ್ಲೇ. ಮತ್ತು ಅವನ ಕಾಲ ಕೆಳಗೆ ನಿಜವಾದ ಬ್ರೇಕ್ ಇದೆ! ತರಬೇತಿ ಗಾಡಿಗೆ ಎರಡು ಕಡೆಯೂ ನಿಯಂತ್ರಣ ಇರಬೇಕೆಂಬುದು ನಿಯಮ. ಇಂಥದ್ದೊಂದನ್ನು ಮನೆಯ ಕಾರಿಗೆ ಮೊದಲೇ ಹಾಕಿಸಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು ಎಂದು ಯೋಚಿಸಲು ಹೋಗಬೇಡಿ, ಗಾಡಿ ಆಫ್ ಆಗುತ್ತದೆ.

ಹಾಫ್ ಕ್ಲಚ್

ಇದನ್ನು ನಿಧಾನವಾಗಿ ಓದಿ. ಇಡೀ ಕೈಪಿಡಿಯಲ್ಲಿ ನಿಜವಾಗಿ ಕಲಿಯಬೇಕಾದದ್ದು ಇದೊಂದೇ.

ಇಂಜಿನ್ನಿಗೆ ಸೇರಿದ ಚಕ್ರವೊಂದು ಸದಾ ತಿರುಗುತ್ತಿರುತ್ತದೆ. ಅದರ ಎದುರು ಗೇರ್ ಬಾಕ್ಸಿಗೆ ಸೇರಿದ ತಟ್ಟೆ. ಪೆಡಲ್ ಪೂರ್ತಿ ಒತ್ತಿದರೆ ಎರಡೂ ದೂರ, ಪೂರ್ತಿ ಬಿಟ್ಟರೆ ಎರಡೂ ಅಂಟಿಕೊಂಡು ಒಂದಾಗಿ ತಿರುಗುತ್ತವೆ. ನಿಂತ ಗಾಡಿಯಲ್ಲಿ ಪಟ್ಟನೆ ಬಿಟ್ಟರೆ, ಓಡುತ್ತಿರುವ ಇಂಜಿನ್ನಿನ ಕುತ್ತಿಗೆಗೆ ಒಂದೇ ಸಲಕ್ಕೆ ಕಾರಿನ ಪೂರ್ತಿ ಭಾರ ಬಿದ್ದಂತಾಗಿ ಅದು ಉಸಿರು ಬಿಡುತ್ತದೆ. ಒಂದು ಜಿಗಿತ, ಆಮೇಲೆ ನಿಶ್ಶಬ್ದ, ಆಮೇಲೆ ಹಿಂದಿನವನ ಹಾರ್ನು. ಹಾಗಾಗದಂತೆ ಎರಡನ್ನೂ ಸ್ವಲ್ಪ ಹೊತ್ತು ಒಂದಕ್ಕೊಂದು ಉಜ್ಜಿಕೊಳ್ಳಲು ಬಿಡಬೇಕು. ಪೆಡಲ್ಲಿನ ದಾರಿಯಲ್ಲಿ ಆ ಉಜ್ಜುವ ಜಾಗವೇ ಹಾಫ್ ಕ್ಲಚ್. ಅದು ಎಲ್ಲಿದೆ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಒಂದೊಂದು ಕಾರಿನಲ್ಲಿ ಒಂದೊಂದು ಎತ್ತರದಲ್ಲಿ ಇರುತ್ತದೆ, ಕ್ಲಚ್ಚು ಸವೆದಂತೆ ಜಾಗವೂ ಬದಲಾಗುತ್ತದೆ.

ಹುಡುಕುವ ವಿಧಾನ: ಸಮತಟ್ಟಾದ ಖಾಲಿ ಜಾಗ, ಮೊದಲ ಗೇರು, ಹ್ಯಾಂಡ್ ಬ್ರೇಕ್ ಇಳಿಸಿ. ಹಿಮ್ಮಡಿಯನ್ನು ನೆಲಕ್ಕೂರಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಕೂದಲೆಳೆಯಷ್ಟು ಮೇಲೆ ಬಿಡಿ. ಇಂಜಿನ್ನಿನ ಸದ್ದು ಒಂದು ಮೆಟ್ಟಿಲು ಇಳಿಯುತ್ತದೆ, ಸ್ಟೇರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ. ಹಾಲು ಉಕ್ಕುವ ಮುನ್ನ ಸದ್ದು ಬದಲಾಗುವುದನ್ನು ನಡುಮನೆಯಲ್ಲಿ ಕೂತೇ ಗುರುತಿಸುವವರಿಗೆ ಇದು ತಿಳಿಯದೆ ಹೋಗದು. ಅಲ್ಲೇ ಕಾಲು ನಿಲ್ಲಿಸಿ. ಬಿಡಬೇಡಿ, ಒತ್ತಬೇಡಿ. ಕಾರು ತಾನಾಗಿ ಹೊರಡುತ್ತದೆ. ಮತ್ತೆ ಒತ್ತಿ, ಬ್ರೇಕ್ ಹಿಡಿದು, ಮತ್ತೆ ಬಿಡಿ. ಗೇರು, ತಿರುವು, ಕನ್ನಡಿ ಯಾವುದೂ ಬೇಡ. ಕಾಲಿಗೆ ಬೇಜಾರಾಗುವವರೆಗೆ ಇದೊಂದನ್ನೇ ಮಾಡಿ. ಮೇಷ್ಟರಿಗೆ ಮೊದಲೇ ಬೇಜಾರಾಗಿ ಮೊಬೈಲ್ ತೆಗೆಯುತ್ತಾನೆ, ತೆಗೆಯಲಿ.

ಇದು ಸಿಕ್ಕಿತೆಂದು ಹಾಫ್ ಕ್ಲಚ್ಚಿನಲ್ಲೇ ಕಾಲಿಟ್ಟು ಊರು ಸುತ್ತಬೇಡಿ. ಟ್ರಾಫಿಕ್ಕಿನಲ್ಲಿ ಸುಟ್ಟ ವಾಸನೆ ಬಂದಾಗ ಎಲ್ಲರೂ ಪಕ್ಕದ ಲಾರಿಯನ್ನು ನೋಡುತ್ತಾರೆ. ಲಾರಿಯದ್ದಲ್ಲ.

ಏರಿನಲ್ಲಿ ಹೊರಡುವುದಕ್ಕೂ ಇದೇ ವಿದ್ಯೆ, ಜೊತೆಗೆ ಹ್ಯಾಂಡ್ ಬ್ರೇಕ್. ಅದನ್ನು ಎಳೆದಿಟ್ಟು, ಹಾಫ್ ಕ್ಲಚ್ಚಿಗೆ ಬಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಜಗ್ಗುವುದು ಗೊತ್ತಾದ ಮೇಲೆ ಬ್ರೇಕ್ ಇಳಿಸಿ. ಮಲ್ಲೇಶ್ವರದ ಅಡ್ಡರಸ್ತೆಗಳ ಏರಿನಲ್ಲಿ ಬೆಳಿಗ್ಗೆ ಆರಕ್ಕೆ ಅಭ್ಯಾಸ ಮಾಡಬಹುದು. ಮಂಗಳೂರಿನವರು ಎಲ್ಲಿ ಬೇಕಾದರೂ ಮಾಡಬಹುದು, ಅವರಿಗೆ ಬೇರೆ ದಾರಿಯಿಲ್ಲ.

‘ಆಟೊಮ್ಯಾಟಿಕ್ ತಗೊಂಡ್ರೆ ಮುಗೀತಲ್ಲ’ ಎನ್ನುವವರಿಗೆ

2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಮರು ತಿಂಗಳೇ ಅದೇ ಕಂಪನಿ ಕ್ಲಚ್ ಪೆಡಲ್ ಇಲ್ಲದ ಸೆಲೆರಿಯೊವನ್ನೂ ಬಿಟ್ಟಿತು. ನಿಮ್ಮ ಕಾಲಿಗೆ ಗೊತ್ತಿದ್ದ ಗಾಡಿ ಹೋದದ್ದೂ, ಕಾಲಿನ ಕೆಲಸವೇ ಹೋದದ್ದೂ ಹೆಚ್ಚೂಕಡಿಮೆ ಒಟ್ಟಿಗೆ. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ ಗೇರಿನದು, ಆಟೊಮ್ಯಾಟಿಕ್ಕಿನದು ಎಂಬ ಭೇದವೂ ಇಲ್ಲ. ಹಣವಿದ್ದರೆ ತೆಗೆದುಕೊಳ್ಳಿ, ನಾಚಿಕೆಪಡುವ ಕಾರಣವಿಲ್ಲ. ಆದರೆ ಮನೆಯಲ್ಲಿ ಈಗಾಗಲೇ ನಿಂತಿರುವುದು ಗೇರಿನ ಕಾರು, ಅದರ ಕಂತು ಮುಗಿದಿದೆ, ಮನೆಯವರು ಅದನ್ನು ಮಾರುವುದಿಲ್ಲ. ಆದ್ದರಿಂದ ಹಿಂದಿನ ಅಧ್ಯಾಯವನ್ನು ಇನ್ನೊಮ್ಮೆ ಓದಿ.

ಮನೆಯವರೊಂದಿಗೆ ಅಭ್ಯಾಸ: ಅಪಾಯಕಾರಿ, ಆದರೂ ಅನಿವಾರ್ಯ

ಶಾಲೆ ಮುಗಿದ ಮರು ಭಾನುವಾರ ‘ಬಾ, ನಾನು ಕರ್ಕೊಂಡು ಹೋಗ್ತೀನಿ’ ಎಂಬ ಆಹ್ವಾನ ಬರುತ್ತದೆ. ಇದು ಪ್ರೀತಿಯ ಮಾತು. ಕಾರು ಗೇಟು ದಾಟುವವರೆಗೆ ಹಾಗೆಯೇ ಇರುತ್ತದೆ.

ಎಡ ಸೀಟಿನಲ್ಲಿ ಕೂತವರಿಗೆ ರಸ್ತೆ ಬೇರೆಯೇ ಕಾಣುತ್ತದೆ ಎಂಬುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಎಡಗಡೆ ನಿಂತ ಸ್ಕೂಟರುಗಳೆಲ್ಲ ಈಗ ಅವರ ಮೊಣಕಾಲಿಗೇ ಬರುತ್ತಿರುವಂತೆ ಕಾಣುತ್ತವೆ.

‘ರೈಟಿಗೆ, ರೈಟಿಗೆ... ಅಷ್ಟಲ್ಲ! ಬ್ರೇಕ್! ಏಯ್, ಕ್ಲಚ್ಚು!’

‘ರೀ, ಒಂದೊಂದಾಗಿ ಹೇಳಿ.’

‘ಒಂದೊಂದಾಗಿ ಹೇಳೋಕೆ ಆ ಬಸ್ಸು ಕಾಯುತ್ತೇನೇ?’

ಈ ಹಂತದಲ್ಲಿ ಉತ್ತರ ಕೊಡಕೂಡದು. ಕಾರನ್ನು ಎಡಕ್ಕೆ ತಂದು, ಇಂಡಿಕೇಟರ್ ಹಾಕಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಷ್ಟನ್ನೂ ತಪ್ಪಿಲ್ಲದೆ ಮಾಡಿದಿರಿ ಎಂದು ಅವರು ಗಮನಿಸುವುದಿಲ್ಲ, ನೀವು ಗಮನಿಸಿ. ಆಮೇಲೆ ಅವರ ಬಲಗಾಲನ್ನು ನೋಡಿ. ಮ್ಯಾಟು ಸವೆದ ಜಾಗದಲ್ಲೇ ಒತ್ತಿಕೊಂಡಿರುತ್ತದೆ. ನಗಬೇಡಿ. ನಕ್ಕರೆ ಮುಂದಿನ ಭಾನುವಾರ ಇರುವುದಿಲ್ಲ.

ಬದಲಿ ವ್ಯವಸ್ಥೆ: ಅತ್ತಿಗೆ, ಗೆಳತಿ, ಅಥವಾ ಶಾಲೆಯ ಅದೇ ಹುಡುಗನನ್ನು ಗಂಟೆ ಲೆಕ್ಕದಲ್ಲಿ ನಿಮ್ಮ ಕಾರಿಗೇ ಕರೆಯುವುದು. ಮೂರನೆಯದು ದುಬಾರಿ, ಆದರೆ ಸಂಸಾರದ ಒಟ್ಟು ಖರ್ಚಿನಲ್ಲಿ ಉಳಿತಾಯ.

ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಎಲ್ ಬೋರ್ಡ್ ಕಡ್ಡಾಯವಲ್ಲ. ಆದರೂ ಹಾಕಿ. ಬಿಳಿಯ ಮೇಲೆ ಕೆಂಪು ಅಕ್ಷರ, 18 ಸೆಂಟಿಮೀಟರಿನ ಚೌಕ, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆಯಿಲ್ಲ ಎಂಬುದು ನಿಯಮದ ಅಳತೆ. ಹಿಂದಿನವರಲ್ಲಿ ಅರ್ಧ ಜನ ಅದನ್ನು ನೋಡಿ ದೂರ ಸರಿಯುತ್ತಾರೆ. ಉಳಿದರ್ಧ ಅದನ್ನು ನೋಡಿಯೇ ಹಾರ್ನ್ ಮಾಡುತ್ತಾರೆ. ಅವರು ಬೋರ್ಡ್ ಇಲ್ಲದಿದ್ದರೂ ಮಾಡುವವರೇ.

ದೋಷಗಳು ಮತ್ತು ಪರಿಹಾರ

ವೃತ್ತದಲ್ಲಿ ನುಗ್ಗಲು ಧೈರ್ಯ ಸಾಲದು: ಒಳಗೆ ಈಗಾಗಲೇ ಇರುವ ಗಾಡಿಗೆ ಮೊದಲ ಹಕ್ಕು ಎಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಮೈಸೂರಿನ ಹಾರ್ಡಿಂಜ್ ವೃತ್ತದಲ್ಲಿ ಕಾದು ನಿಂತರೆ ನೀವು ಕಾನೂನಿನ ಪರವಾಗಿಯೇ ನಿಂತಿದ್ದೀರಿ.

ರಿವರ್ಸ್‌ನಲ್ಲಿ ಸ್ಟೇರಿಂಗ್ ಯಾವ ಕಡೆ ಕಟ್ ಮಾಡಬೇಕೋ ತಿಳಿಯದು: ಕಾರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ. ‘ಬರ್ಲಿ, ಬರ್ಲಿ’ ಎಂದು ಕೈಬೀಸುವ ದಾರಿಹೋಕರನ್ನು ನಂಬಬೇಡಿ. ಅವರು ‘ಸಾಕು’ ಎನ್ನುವುದು ಸದ್ದು ಕೇಳಿದ ಮೇಲೆ.

ಬೇಸ್‌ಮೆಂಟಿನ ಕಂಬ: ಅದರ ಮೇಲೆ ಎಷ್ಟು ಕಾರುಗಳ ಬಣ್ಣವಿದೆ ನೋಡಿ. ಅವೆಲ್ಲವೂ ಅನುಭವಸ್ಥರವು.

ಒಬ್ಬರೇ ಓಡಿಸಲು ಮನಸ್ಸಾಗದು: ತರಕಾರಿ ಮುಗಿಯುವವರೆಗೆ ಕಾಯಿರಿ. ಕೊತ್ತಂಬರಿ ಇಲ್ಲ ಎಂದು ಗೊತ್ತಾದ ಬೆಳಿಗ್ಗೆ, ಮನೆಯವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಹೇಳದೆ ಹೋಗಿ ಬನ್ನಿ.

ಓಡಿಸಲು ಬರುತ್ತದೆ ಎಂದು ಬಂಧುಗಳಿಗೆ ಗೊತ್ತಾಗಿದೆ: ಇನ್ನು ನಾದಿನಿ ರಾತ್ರಿ ರೈಲಿಗೇ ಬುಕ್ ಮಾಡುತ್ತಾಳೆ. ಯಶವಂತಪುರಕ್ಕೆ ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತದಂತೆ, ಆಟೊದವರು ಆ ಹೊತ್ತಿಗೆ ಬಾಯಿಗೆ ಬಂದಷ್ಟು ಕೇಳುತ್ತಾರಂತೆ, ಅಣ್ಣನಿಗೆ ಪಾಪ ರಾತ್ರಿ ಲೈಟು ಕಣ್ಣಿಗೆ ಹೊಡೆಯುತ್ತದಲ್ಲ, ಅತ್ತಿಗೆ ಇದ್ದಾರಲ್ಲ. ಈ ದೋಷಕ್ಕೆ ಸದ್ಯಕ್ಕೆ ಪರಿಹಾರ ಲಭ್ಯವಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.