ಯಾವ ಶಿರೂರು, ಸ್ವಾಮಿ?

ಪುಣೆಯ ಕನ್ನಡಿಗರೊಬ್ಬರು ‘ನಾಳೆ ಶಿರೂರಿಗೆ ಹೊರಟೆ’ ಅಂದು ನೋಡಲಿ. ಉಡುಪಿಯವರು ‘ಮಠಕ್ಕೋ?’ ಅನ್ನುತ್ತಾರೆ, ಬೈಂದೂರಿನವರು ‘ನಮ್ಮೂರ ಕಡೆಗೋ?’ ಅನ್ನುತ್ತಾರೆ, ಅಂಕೋಲೆಯವರು ‘ಗಂಗಾವಳಿ ದಂಡೆಗೋ?’ ಅನ್ನುತ್ತಾರೆ. ಬಾಗಲಕೋಟೆಯವರು ಬಾಯಿ ತೆರೆಯುವ ಹೊತ್ತಿಗೆ ಹೊರಟವರಿಗೆ ಸುಸ್ತಾಗಿರುತ್ತದೆ. ಪಾಪ, ಅವರು ಹೊರಟದ್ದು ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ರಸ್ತೆಯಲ್ಲಿರುವ, ಘೋಡ್ ನದಿ ದಂಡೆಯ ಶಿರೂರಿಗೆ. ರಾಂಜಣಗಾಂವ್ ಗಣಪತಿಯ ತಾಲೂಕಿಗೆ.

ಮನುಷ್ಯರು ಕೇಳಿಯಾದರೂ ಕೇಳುತ್ತಾರೆ. ಕಂಪ್ಯೂಟರಿನ ಜಾವಾ ಭಾಷೆ ಕೇಳುವುದಿಲ್ಲ. ಊರುಗಳ ಕೆಎಂಎಲ್ ನಕ್ಷೆಯನ್ನು ಅದರ ಕೈಗಿಟ್ಟು, ಎಕ್ಸ್‌ಪಾತ್‌ನಲ್ಲಿ ‘ಪ್ಲೇಸ್‌ಮಾರ್ಕ್ ಒಳಗಿನ ನೇಮ್ ಕೊಡಪ್ಪಾ’ ಅನ್ನಿ. ಖಾಲಿ ಸ್ಟ್ರಿಂಗ್ ಕೊಟ್ಟು ಸುಮ್ಮನಾಗುತ್ತದೆ. ಎರರ್ ಕೊಟ್ಟು ಬೈದಿದ್ದರೂ ಸಮಾಧಾನವಿತ್ತು! ಎಕ್ಸ್‌ಪಾತ್ 1.0ರ ಪ್ರಕಾರ ಪ್ರಿಫಿಕ್ಸ್ ಇಲ್ಲದ ಹೆಸರೆಂದರೆ ಯಾವ ನೇಮ್‌ಸ್ಪೇಸಿಗೂ, ಅಂದರೆ ಯಾವ ಮನೆತನಕ್ಕೂ, ಸೇರದ ಹೆಸರು. ಕೆಎಂಎಲ್‌ನ ಟ್ಯಾಗುಗಳಿಗೋ ಫೈಲಿನ ತಲೆಯಲ್ಲೇ ಒಂದು ನೇಮ್‌ಸ್ಪೇಸಿನ ವಿಳಾಸ ಅಂಟಿರುತ್ತದೆ.

ಕೆಲವು ಚತುರರಿಗೆ ಅಡ್ಡದಾರಿ ಗೊತ್ತು: ‘ಲೋಕಲ್-ನೇಮ್’ ಹಾಕಿ, ಯಾರ ಮನೆಯದಾದರೂ ಸರಿ, ‘ನೇಮ್’ ಅಂತಿರುವುದನ್ನೆಲ್ಲ ಎಳೆದು ತರುವುದು. ಆದರೆ ಕೆಎಂಎಲ್ ಒಳಗೆ ಆಟಮ್ ನೇಮ್‌ಸ್ಪೇಸಿನ ‘ನೇಮ್’ ಕೂಡ ಇರಬಹುದು. ಅದು ನಕ್ಷೆ ಬರೆದವರ ಹೆಸರು. ಪಟ್ಟಿಯಲ್ಲಿ ಶಿರೂರಿನ ಪಕ್ಕದ ಹಳ್ಳಿಯಾಗಿ ಆ ಮಹಾಶಯರೂ ಕೂತುಬಿಡುತ್ತಾರೆ!

ಮರ್ಯಾದಸ್ಥರ ದಾರಿ ಬೇರೆ. ಮೊದಲು ಡಾಕ್ಯುಮೆಂಟ್‌ಬಿಲ್ಡರ್‌ಫ್ಯಾಕ್ಟರಿಗೆ ‘ಸೆಟ್‌ನೇಮ್‌ಸ್ಪೇಸ್‌ಅವೇರ್’ ಟ್ರೂ ಮಾಡಿ. ಹೇಳದಿದ್ದರೆ ಅದಕ್ಕೆ ನೇಮ್‌ಸ್ಪೇಸಿನ ಗೊಡವೆಯೇ ಇಲ್ಲ. ಆಮೇಲೆ ಯಾವ ಪ್ರಿಫಿಕ್ಸಿಗೆ ಯಾವ ವಿಳಾಸ ಎಂದು ಹೇಳುವ ನೇಮ್‌ಸ್ಪೇಸ್‌ಕಾಂಟೆಕ್ಸ್ಟ್ ಅನ್ನು ಎಕ್ಸ್‌ಪಾತಿಗೆ ಕೊಡಿ. ಜಾವಾ ಇಂಟರ್‌ಫೇಸ್ ಮಾತ್ರ ಕೊಟ್ಟು ಕೈತೊಳೆದುಕೊಂಡಿದೆ. ಅದರ ಮೂರು ಮೆಥಡ್ ನೀವೇ ಬರೆಯಬೇಕು, ಇಲ್ಲವೇ ಸ್ಪ್ರಿಂಗ್‌ನವರ ಸಿಂಪಲ್‌ನೇಮ್‌ಸ್ಪೇಸ್‌ಕಾಂಟೆಕ್ಸ್ಟ್ ಎರವಲು ತರಬೇಕು. ಪ್ರಿಫಿಕ್ಸ್ ಏನಿಟ್ಟರೂ ನಡೆಯುತ್ತದೆ, ಅತ್ತೆಯ ಹೆಸರಿಟ್ಟರೂ ಅಡ್ಡಿಯಿಲ್ಲ. ವಿಳಾಸ ಮಾತ್ರ ಅಕ್ಷರಶಃ ಹೊಂದಬೇಕು. ಸುರಕ್ಷತೆಯ ಉತ್ಸಾಹದಲ್ಲಿ ‘ಎಚ್‌ಟಿಟಿಪಿ’ಯನ್ನು ‘ಎಚ್‌ಟಿಟಿಪಿಎಸ್’ ಮಾಡಿದಿರೋ, ಮತ್ತೆ ಖಾಲಿ ಸ್ಟ್ರಿಂಗ್. ಆ ವಿಳಾಸಕ್ಕೆ ಯಾರೂ ಹೋಗಿ ಬಾಗಿಲು ತಟ್ಟುವುದಿಲ್ಲ, ಅದು ಬರೀ ಗುರುತು. 1999ರಲ್ಲಿ ಡಬ್ಲ್ಯು3ಸಿ ಮಾಡಿದ ನಿಯಮ ಇದು.

ಇಷ್ಟೆಲ್ಲ ಮಾಡಿದರೆ ‘ಶಿರೂರು’ ಎಂಬ ಹೆಸರೇನೋ ಸಿಗುತ್ತದೆ. ಯಾವ ಶಿರೂರು ಎನ್ನುವುದು ನೇಮ್‌ಸ್ಪೇಸಿಗೂ ಗೊತ್ತಿಲ್ಲ. ಟ್ಯಾಗು ಯಾರ ಪೈಕಿ ಅಂತಷ್ಟೇ ಅದು ಹೇಳೀತು. ಊರು ತಿಳಿಯಲು ಕೋಆರ್ಡಿನೇಟ್ಸ್ ಓದಬೇಕು. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲು ಓದಿದರೆ ಪುಣೆಯ ಶಿರೂರು ನಾರ್ವೆಯಾಚೆ, ಬೇರ್ ಐಲ್ಯಾಂಡಿನ ಹತ್ತಿರ ಬೀಳುತ್ತದೆ. ಸ್ವೆಟರ್ ಇಟ್ಟುಕೊಂಡಿರಿ.