ಎತ್ತಿಗೆ ಜ್ವರ, ರೌಟರ್‌ಗೆ ಬರೆ

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಮೊದಲ ಮಹಡಿಯ ಒಂದು ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ದೀಪ, ಒಂದು ಭೂತಗನ್ನಡಿ. ಗಿರಾಕಿಗಳು ಇಬ್ಬರಾದರೆ ಎರಡನೆಯವರು ಮೆಟ್ಟಿಲ ಮೇಲೆ. ಹದಿನೈದು ದಿನಗಳಿಂದ ವೈಫೈ ಹಿಡಿಯದೆ ಮುಷ್ಕರ ಹೂಡಿದ್ದ ನಮ್ಮ ಮನೆಯ ಟ್ಯಾಬ್ಲೆಟ್ಟನ್ನು ಅಲ್ಲಿಗೆ ಹೊತ್ತೊಯ್ದಿದ್ದೆ. 2020ರಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆಂದು ಕೊಂಡದ್ದು. ಕ್ಲಾಸು ಮುಗಿದ ಮೇಲೆ ನನ್ನ ಪಾಲಿಗೆ ಬಂದದ್ದು. ರಿಪೇರಿ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ:

"ಬಿದ್ದಿತ್ತಾ ಸಾರ್?"

"ಇಲ್ಲಪ್ಪ," ಎಂದೆ.

ಅವನು ಏನೂ ಅನ್ನಲಿಲ್ಲ. ತನ್ನ ಫೋನನ್ನು ಪಕ್ಕದಲ್ಲಿಟ್ಟು ಎರಡರಲ್ಲೂ ಏನೋ ಅಂಕಿ ನೋಡಿದ. ಕವರು ಬಿಚ್ಚಿ ಮತ್ತೆ ನೋಡಿದ. ಬಿಸಿ ಹಲಗೆಯ ಮೇಲಿಟ್ಟು ಅಂಟು ಸಡಿಲಿಸಿ, ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆ ತೂರಿಸಿ ಬೆನ್ನಿನ ಮುಚ್ಚಳ ಬಿಡಿಸಿದ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿದ. ಅಷ್ಟರಲ್ಲಿ ಕೆಳಗಿನಿಂದ "ಟೀ!" ಎಂಬ ಕೂಗು ಬಂತು, ಎದ್ದು ಹೋದ.

ತೆರೆದ ಹೊಟ್ಟೆಯೊಳಗೆ ಇಣುಕಿದೆ. ಮೂಲೆಯಲ್ಲಿ ಶ್ಯಾವಿಗೆಯಷ್ಟು ಸಣ್ಣ ಕರಿ ಎಳೆಯೊಂದು ಹೆಡೆ ಎತ್ತಿ ನನ್ನನ್ನೇ ನೋಡುತ್ತಿತ್ತು. ಹಳೆಯ ಚಾಳಿ ಬಿಡುವುದಿಲ್ಲ. ಜೇಬಿನಿಂದ ಪೆನ್ನು ತೆಗೆದೆ.

ಪ್ರಶ್ನೆ: ತಮ್ಮ ಪರಿಚಯ?

ತಂತಿ: ಆಂಟೆನಾ ತಂತಿ. ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಅಷ್ಟರಲ್ಲೇ ನಡುವೆ ತಾಮ್ರದ ಎಳೆ, ಅದರ ಸುತ್ತ ನಿರೋಧಕ, ಅದರ ಮೇಲೆ ಲೋಹದ ಜಾಳಿಗೆ, ಮೇಲೊಂದು ಕರಿ ಅಂಗಿ. ಒಂದು ತುದಿಯಲ್ಲಿ ಆಂಟೆನಾ ಪಟ್ಟಿ, ಅಂಚಿಗೆ ಅಂಟಿಸಿದ್ದಾರೆ ನೋಡಿ. ಇನ್ನೊಂದು ತುದಿಯಲ್ಲಿ ನನ್ನ ತಲೆ. ಸಾಸಿವೆ ಕಾಳಿನಷ್ಟೇ ಇದ್ದರೂ ಚಿನ್ನದ ಲೇಪ ಇದೆ. ಅದು ಬೋರ್ಡಿನ ಮೇಲಿರುವ ಗುಂಡಿಗೆ ಟಿಕ್ ಅಂತ ಕೂರಬೇಕು. ಸದ್ಯಕ್ಕೆ ಕೂತಿಲ್ಲ. ನಿಮ್ಮ ಹದಿನೈದು ದಿನದ ಪಾಡು ಇಷ್ಟೇ.

ಪ್ರಶ್ನೆ: ಆದರೆ ಇದು ವೈರ್‌ಲೆಸ್ ಅಲ್ಲವೇ? ವೈರಿಗೆ ಇಲ್ಲೇನು ಕೆಲಸ?

ತಂತಿ: ನಮ್ಮ ಕುಲದ ಗೋಳೇ ಇದು. ನಿಸ್ತಂತು ಅಂತ ಹೆಸರಿಟ್ಟಿರಿ. ಆ ಪದದ ಹೊಟ್ಟೆಯಲ್ಲೂ ತಂತು ಇದೆ, ಈ ಯಂತ್ರದ ಹೊಟ್ಟೆಯಲ್ಲೂ ಇದೆ. ಅಲೆ ಗಾಳಿಯಲ್ಲಿ ಬಾಗಿಲ ತನಕ ಬರುತ್ತೆ, ಒಪ್ಪಿದೆ. ಬಾಗಿಲಿಂದ ಚಿಪ್ಪಿನ ತನಕ ಕೈಹಿಡಿದು ಕರೆತರೋದು ಯಾರು? ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸೋರ ಹೆಸರು ಲಗ್ನಪತ್ರಿಕೆಯಲ್ಲಿ ಇರುತ್ತಾ? ಹಾಗೆ.

ಪ್ರಶ್ನೆ: ಆ ಪಟ್ಟಿ ಬೆರಳಿಗಿಂತ ಗಿಡ್ಡ ಇದೆಯಲ್ಲ. ಅಷ್ಟರಲ್ಲಿ ಇಡೀ ಇಂಟರ್ನೆಟ್ ಹೇಗೆ ಬರುತ್ತೆ?

ತಂತಿ: ಉದ್ದಕ್ಕೆ ಒಂದು ಲೆಕ್ಕ ಇದೆ ಸ್ವಾಮಿ. ವೀಣೆಯ ತಂತಿಯ ಉದ್ದ ಬದಲಾದರೆ ಸ್ವರ ಬದಲಾಗಲ್ವಾ? 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ ಮೂರು ಸೆಂಟಿಮೀಟರ್ ಚಿಲ್ಲರೆ ಇದ್ದರೆ ಸಾಕು, ಲೋಹ ಮಿಡಿಯುತ್ತೆ. 5 ಗಿಗಾಹರ್ಟ್ಸ್‌ಗೆ ಅದರ ಅರ್ಧವೂ ಬೇಡ. ನಮ್ಮದು ಹಳೇ ಮನೆತನ. 1894-96ರ ಹೊತ್ತಿಗೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಅಳತೆಯ ಅಲೆಗಳ ಜೊತೆ ಆಟ ಆಡಿದ್ದರು. ಆಗ ಪಾಸ್‌ವರ್ಡ್ ಇರಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ಪ್ರಶ್ನೆ: ನೀವು ಕಳಚಿದ್ದೇ ನಿಜವಾದರೆ ವೈಫೈ ಪೂರ್ತಿ ಸಾಯಬೇಕಿತ್ತು. ರೌಟರ್ ಪಕ್ಕ ಹಿಡಿದಾಗ ಬರುತ್ತಿತ್ತಲ್ಲ?

ತಂತಿ: ಅಷ್ಟು ದೊಡ್ಡ ಸುಳಿವು ಸಿಕ್ಕಿದ ಮೇಲೂ ನೀವು ಇಲ್ಲಿಗೆ ಬರೋಕೆ ಹದಿನೈದು ದಿನ ತಗೊಂಡಿರಲ್ಲ! ಕಿವಿಯ ಹಾಲೆ ಹೋದರೂ ಕಿವಿಯ ತೂತು ಇರುತ್ತೆ. ಹತ್ತಿರ ನಿಂತು ಕೂಗಿದರೆ ಕೇಳಿಸುತ್ತೆ. ರೌಟರ್‌ನ ಮಗ್ಗುಲಲ್ಲಿ ಬರುತ್ತೆ, ಪಕ್ಕದ ಕೋಣೆಯಲ್ಲಿ ಇಲ್ಲ ಅಂದರೆ ಮೊದಲು ಆಂಟೆನಾ ಕಡೆಯವರನ್ನ ವಿಚಾರಿಸಬೇಕು. ಸ್ವಿಚ್ಚೇ ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಅಲ್ಲಾಡದೆ, ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ ವಿಳಾಸದ ಜಾಗ ಖಾಲಿ ಹೊಡೆದು, ಬ್ಲೂಟೂತೂ ಜೊತೆಗೇ ಮಲಗಿದ್ದರೆ, ಅದು ಬಹುಮಟ್ಟಿಗೆ ಚಿಪ್ಪಿನ ಕಾಯಿಲೆ. ಯಾಕಂದರೆ ವೈಫೈ, ಬ್ಲೂಟೂತ್ ಎರಡೂ ಸಾಮಾನ್ಯವಾಗಿ ಒಂದೇ ಚಿಪ್ಪಿನಲ್ಲಿ ಸಂಸಾರ ಮಾಡೋದು. ನಿಮ್ಮ ಮನೆಯಲ್ಲಿ ಸ್ವಿಚ್ಚು ಸರಿಯಾಗಿತ್ತು. ನಿಮ್ಮ ಮಗಳು ಇಯರ್‌ಫೋನ್ ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟರೆ ಹಾಡು ತುಂಡಾಗುತ್ತಿತ್ತು. ಬ್ಲೂಟೂತಿಗೂ ನಾನೇ ದಾರಿ. ಅವಳು ಬಂದು ಹೇಳಿದಳು. ನೀವು "ಅಗ್ಗದ ಇಯರ್‌ಫೋನ್ ತಂದರೆ ಇನ್ನೇನು" ಅಂದಿರಿ.

ಪ್ರಶ್ನೆ: ನಾವೇನೂ ಕೈಕಟ್ಟಿ ಕೂತಿರಲಿಲ್ಲ. ಮಾಡಬೇಕಾದ್ದೆಲ್ಲ ಮಾಡಿದೆವು.

ತಂತಿ: ಮಾಡಿದಿರಿ, ಮಾಡಿದಿರಿ. ನೆಟ್‌ವರ್ಕ್ ರೀಸೆಟ್ ಮಾಡಿ ಇದ್ದಬದ್ದ ಪಾಸ್‌ವರ್ಡೆಲ್ಲ ಅಳಿಸಿದಿರಿ. ಎದುರು ಮನೆಯವರದ್ದೂ ಅದರಲ್ಲಿತ್ತು, ಇರಲಿ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ ಬೈದಿರಿ. ಪಾಪ, ಆ ಹುಡುಗ ಬಿಸಿಲಲ್ಲಿ ಬಂದು ಗೋಡೆಯ ಕೇಬಲ್ ತುದಿ ಹೊಸದು ಹಾಕಿ ಹೋದ. ಆಮೇಲೆ ಇದ್ದ ರೌಟರನ್ನ ಅಟ್ಟಕ್ಕೆಸೆದು ಹೊಸದು ತಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಕೇಳಿದ್ದೆ. ನೀವು ಬರೆ ಎಳೆದದ್ದಲ್ಲದೆ ನಾಲ್ಕು ಕೊಂಬಿನ ಇನ್ನೊಂದು ಎಮ್ಮೆಯನ್ನೇ ಕೊಟ್ಟಿಗೆಗೆ ತಂದು ಕಟ್ಟಿದಿರಿ! ಅಷ್ಟೂ ದಿನ ನಿಮ್ಮ ಫೋನು, ನಿಮ್ಮ ಮನೆಯವರ ಟಿವಿ ಎರಡೂ ಹಳೇ ಎಮ್ಮೆಯ ಹಾಲನ್ನೇ ಕುಡಿಯುತ್ತಿದ್ದವು. ಮೂರು ಕರುಗಳಲ್ಲಿ ಎರಡು ಕುಡಿಯುತ್ತಿವೆ, ಒಂದು ಕುಡಿಯುತ್ತಿಲ್ಲ ಅಂದರೆ ಎಮ್ಮೆಯದು ತಪ್ಪಾ, ಕರುವಿನ ಬಾಯಿ ನೋಡಬೇಕಾ?

ಪ್ರಶ್ನೆ: ನನ್ನ ಭಾವಮೈದುನ ಕೆಲವು ಮನೆಮದ್ದು ಹೇಳಿದ್ದ...

ತಂತಿ: ಅಕ್ಕಿ ಡಬ್ಬ! ಎರಡು ರಾತ್ರಿ ಸೋನಾ ಮಸೂರಿಯೊಳಗೆ ಹೂತಿಟ್ಟಿರಿ. ನೀರೇ ಸೋಕದ ಯಂತ್ರಕ್ಕೆ ಅದೇನು ಉಪವಾಸವೋ. ಒಂದು ವೇಳೆ ನೀರು ಬಿದ್ದಿದ್ದರೂ ಬೋರ್ಡಿಗೆ ಹತ್ತಿದ ಹಸಿರು ಕಿಲುಬು ಅಕ್ಕಿಗೆ ಬಿಡಲ್ಲ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಮೆತ್ತನೆಯ ಬ್ರಷ್ ಬೇಕು.

ಪ್ರಶ್ನೆ: ಫ್ರಿಜ್ಜು?

ತಂತಿ: ಅದರಲ್ಲಿ ಎಳ್ಳುಕಾಳಿನಷ್ಟು ಶಾಸ್ತ್ರ ಇದೆ, ಅದಕ್ಕೇ ಇನ್ನೂ ಅಪಾಯ. ಚಿಪ್ಪಿನ ಅಡಿಯಲ್ಲಿ ಬೆಸುಗೆಯ ಪುಟಾಣಿ ಗುಂಡುಗಳಿರುತ್ತವೆ. ಅವುಗಳಲ್ಲೊಂದು ಬಿರುಕು ಬಿಟ್ಟಿದ್ದರೆ ತಂಪಿಗೋ ಬಿಸಿಗೋ ಲೋಹ ಕೂದಲೆಳೆಯಷ್ಟು ಸರಿದು ಮತ್ತೆ ತಾಗಬಹುದು. ಐದು ನಿಮಿಷ ವೈಫೈ ಬರುತ್ತೆ. ಭಾವಮೈದುನ ಮೀಸೆ ತಿರುವುತ್ತಾನೆ. ಅದು ಪರೀಕ್ಷೆ ಆದೀತು, ಚಿಕಿತ್ಸೆ ಅಲ್ಲ. ಮೇಲಾಗಿ ಹೊರತೆಗೆದ ತಕ್ಷಣ ಒಳಗೆಲ್ಲ ಇಬ್ಬನಿ. ಹೇರ್ ಡ್ರೈಯರ್ ಕಥೆಯೂ ಅಷ್ಟೆ. ಹಿಂದಿನ ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಯೂರೋಪು 2006ರ ಜುಲೈಯಿಂದ ಸೀಸಕ್ಕೆ ಕಡಿವಾಣ ಹಾಕಿತು. ಈಗಿನ ತವರ-ಬೆಳ್ಳಿ-ತಾಮ್ರದ ಬೆಸುಗೆ ಕರಗೋಕೆ 217 ಡಿಗ್ರಿಯಾದರೂ ಬೇಕು. ನಿಮ್ಮ ಮನೆಯವರ ಡ್ರೈಯರಿಗೆ ಬೆಸುಗೆ ಕರಗಲ್ಲ. ಪರದೆ ಹಾಳಾಗಬಹುದು, ಬ್ಯಾಟರಿ ಕೆಡಬಹುದು, ದಾಂಪತ್ಯವೂ ಕೆಡಬಹುದು. ಆ ಕೆಲಸಕ್ಕೆ ಬಿಸಿಗಾಳಿಯ ಗನ್ನು, ಫ್ಲಕ್ಸು, ಸೂಕ್ಷ್ಮದರ್ಶಕ, ನಡುಗದ ಕೈ ಇಷ್ಟೂ ಬೇಕು.

ಪ್ರಶ್ನೆ: ಸರ್ವೀಸ್ ಸೆಂಟರಿಗೂ ಹೋಗಿದ್ದೆ. ಬೋರ್ಡೇ ಬದಲಿಸಬೇಕು, ಅದಕ್ಕಿಂತ ಹೊಸದು ಕೊಳ್ಳಿ ಎಂದರು.

ತಂತಿ: ಮುಚ್ಚಳ ತೆಗೆದರಾ?

ಪ್ರಶ್ನೆ: ಇಲ್ಲ. ಕಂಪ್ಯೂಟರ್ ನೋಡಿ ಹೇಳಿದರು.

ತಂತಿ: ಕಂಪ್ಯೂಟರಲ್ಲಿದ್ದದ್ದು ದರಪಟ್ಟಿ. ಮಂಡಿ ನೋವು ಅಂತ ಹೋದವನಿಗೆ "ಕಾಲು ಹೊಸದು ಹಾಕಿಸಿಕೊಳ್ಳಿ, ಸದ್ಯ ಆಫರ್ ಇದೆ" ಅಂದ ಹಾಗಾಯಿತು. ಅವರನ್ನೂ ಬಯ್ಯಬೇಡಿ. ಅವರಿಗೆ ತಲೆಗೆ ಇಷ್ಟು ನಿಮಿಷ ಅಂತ ಲೆಕ್ಕ. ನನ್ನ ತಲೆ ಹುಡುಕೋಕೆ ಆ ನಿಮಿಷ ಸಾಲದು.

ಪ್ರಶ್ನೆ: ರಿಪೇರಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ಲನ್ನೇ ತೆರೆದಿದೆಯಲ್ಲ.

ತಂತಿ: ಬಹಳ ಸಂತೋಷ. ಅದನ್ನ ತೆರೆಯೋಕೆ ವೈಫೈ ಬೇಕು.

ಪ್ರಶ್ನೆ: ಸರಿ, ಈ ಹುಡುಗ ಮುಚ್ಚಳ ತೆಗೆಯುವ ಮೊದಲೇ ಹೇಗೆ ಪತ್ತೆ ಹಚ್ಚಿದ? ಅವನು ನೋಡಿದ ಅಂಕಿ ಏನು?

ತಂತಿ: ಡಿಬಿಎಂ ಅಂತ ಒಂದು ಅಳತೆ. ಮೈನಸ್ಸಿನಲ್ಲಿರುತ್ತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಸಂಕೇತ ಗಟ್ಟಿ. ಒಂದೇ ಮೇಜು, ಒಂದೇ ನೆಟ್‌ವರ್ಕ್. ಅವನ ಫೋನು ಮೈನಸ್ 45 ತೋರಿಸಿತು, ನಿಮ್ಮ ಟ್ಯಾಬ್ಲೆಟ್ಟು ಮೈನಸ್ 85. ನಲವತ್ತು ತಾನೇ ವ್ಯತ್ಯಾಸ ಅನ್ನಬೇಡಿ. ಪ್ರತಿ ಹತ್ತಕ್ಕೂ ಹತ್ತು ಪಟ್ಟು. ನಲವತ್ತು ಅಂದರೆ ಹತ್ತು ಸಾವಿರ ಪಟ್ಟು. ಫೋನಿಗೆ ಹತ್ತು ಸಾವಿರ ರೂಪಾಯಿ ಬಂದರೆ ಟ್ಯಾಬ್ಲೆಟ್ಟಿನ ಕೈಗೆ ಸೇರುತ್ತಿದ್ದದ್ದು ಒಂದು ರೂಪಾಯಿ. ಸರ್ಕಾರಿ ಅನುದಾನ ಹಳ್ಳಿ ತಲುಪಿದ ಹಾಗೆ. ಕವರಿನಲ್ಲಿರೋ ಲೋಹದ ತಗಡು ಅಡ್ಡ ಬಂದಿದೆಯೇನೋ ಅಂತ ಅದನ್ನ ಬಿಚ್ಚಿ ನೋಡಿದ, ಅಂಕಿ ಬದಲಾಗಲಿಲ್ಲ. ಬೇರೆ ನೆಟ್‌ವರ್ಕ್ ಹಿಡಿಸಿ ನೋಡಿದ, ಬದಲಾಗಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಅವನ ವಿದ್ಯೆಯೆಲ್ಲ ಅಷ್ಟೇ. ನೀವು ಒಂದೇ ಭಾನುವಾರ ರೀಸೆಟ್ಟು, ಅಪ್‌ಡೇಟು, ರೌಟರು, ಅಕ್ಕಿ ಎಲ್ಲ ಮಾಡಿದಿರಿ. ಅಕಸ್ಮಾತ್ ಸರಿಹೋಗಿದ್ದರೆ ಯಾವುದರಿಂದ ಅಂತ ಹೇಳುತ್ತಿದ್ದಿರಿ? ಕೊನೆಗೆ ಅಕ್ಕಿಗೇ ಮಂಗಳಾರತಿ ಎತ್ತುತ್ತಿದ್ದಿರಿ.

ಪ್ರಶ್ನೆ: ಇಷ್ಟೆಲ್ಲ ತಿಳಿದವರು ನೀವೇ ಯಾಕೆ ಜಾಗ ಬಿಟ್ಟಿರಿ? ಸವೆದುಹೋಗಿದ್ದಿರಾ?

ತಂತಿ: ಮರ್ಯಾದೆಗೆ ಕುಂದು ತರಬೇಡಿ. ನಮ್ಮ ಜಾತಿಯ ಕನೆಕ್ಟರ್ ಹಾಕಿ ತೆಗೆಯೋದಕ್ಕೆ ಸುಮಾರು ಮೂವತ್ತು ಸಲದ ಮಿತಿ ಅಂತ ತಯಾರಕರೇ ಬರೆದಿರುತ್ತಾರೆ. ನಾನು ಕಾರ್ಖಾನೆಯಲ್ಲಿ ಒಂದು ಸಲ ಕೂತವನು ಏಳಲೇ ಇಲ್ಲ. ಏಳಿಸಿದವರು ಬೇರೆ.

ಪ್ರಶ್ನೆ: ಯಾರು?

ತಂತಿ: ಹುಡುಗ ಕೇಳಿದಾಗ ನೀವೇನಂದಿರಿ? "ಇಲ್ಲಪ್ಪ." ಆ ಭಾನುವಾರ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಸಿ ದಿವಾನದ ಮೇಲೆ ಅಂಗಾತ ಮಲಗಿದಿರಿ. ನಾವು ನಿಮ್ಮ ಎದೆಯ ಮೇಲೆ. ಒಳಗೆ ಯಾರೋ ನಾಲ್ವರು ದೇಶದ ಭವಿಷ್ಯದ ಬಗ್ಗೆ ಕಿರುಚುತ್ತಿದ್ದರು. ಮೊದಲ ಜಾಹೀರಾತಿಗೆ ಮುಂಚೆಯೇ ನಿಮ್ಮ ಗೊರಕೆ ಅವರ ದನಿಯನ್ನ ನುಂಗಿತು. ಆಮೇಲೆ ಮಗ್ಗುಲಾದಿರಿ. ಕೆಳಗೆ ಮೊಸಾಯಿಕ್ ನೆಲ. ನನ್ನ ತಲೆ ಕಳಚಿದ್ದು ಆ ಕ್ಷಣ.

ಪ್ರಶ್ನೆ: ಇದು ಸಂದರ್ಶನದ ವಿಷಯಕ್ಕೆ ಹೊರತಾದದ್ದು...

ತಂತಿ: ಇದೇ ವಿಷಯ. ನೀವು ಧಡಕ್ಕನೆ ಎದ್ದು ಮೊದಲು ಗಾಜು ಒಡೆದಿದೆಯಾ ಅಂತ ನೋಡಿದಿರಿ. ಒಡೆದಿರಲಿಲ್ಲ. ಆಮೇಲೆ ಯಾರಾದರೂ ನೋಡಿದರಾ ಅಂತ ನೋಡಿದಿರಿ. ಯಾರೂ ಇರಲಿಲ್ಲ. ಸಂಜೆ ವೈಫೈ ಬರದಿದ್ದಾಗ ಮಗಳನ್ನ ಕರೆದು "ಯಾವ ಆ್ಯಪು ಹಾಕಿದ್ದೀ ಇದಕ್ಕೆ?" ಅಂತ ಗದರಿಸಿದಿರಿ. ಅಲ್ಲಿಂದ ಶುರುವಾಯಿತು ಬರೆಯ ಮೆರವಣಿಗೆ. ಮೊದಲು ಮಗಳಿಗೆ, ಆಮೇಲೆ ಕೇಬಲ್ ಹುಡುಗನಿಗೆ, ಆಮೇಲೆ ರೌಟರಿಗೆ. "ಬಿತ್ತು" ಅನ್ನೋ ಎರಡಕ್ಷರ ಆ ದಿನವೇ ಹೇಳಿದ್ದರೆ ಮೂರನೇ ದಿನಕ್ಕೆ ಇಲ್ಲಿರುತ್ತಿದ್ದಿರಿ. ಅಟ್ಟದ ಮೇಲಿನ ಎಮ್ಮೆ ಕೊಟ್ಟಿಗೆಯಲ್ಲೇ ಇರುತ್ತಿತ್ತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಪೆನ್ನು ಬೇಗ ಓಡಿಸಿದೆ.

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ಏನಾದರೂ ಹಿತವಚನ?

ತಂತಿ: ಬೆನ್ನಿನ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಮನೆಯಲ್ಲಿ ಚಾಕು ಹಾಕಿ ಮೀಟಬೇಡಿ, ಬೆಂಕಿ ಹೊತ್ತೀತು. ವೈಫೈ ಹೋದರೆ ಮೊದಲು ಪಕ್ಕದ ಫೋನಿಗೆ ಬರುತ್ತಿದೆಯಾ ನೋಡಿ. ಆಮೇಲೆ ರೌಟರ್ ಹತ್ತಿರ ಹೋಗಿ, ದೂರ ಹೋಗಿ, ಬ್ಲೂಟೂತ್ ನೋಡಿ. ಎಲ್ಲಕ್ಕಿಂತ ಮೊದಲು, ರಿಪೇರಿಯವನು ಕೇಳಿದಾಗ ನಿಜ ಹೇ...

ಟಿಕ್.

ಹುಡುಗ ಚಿಮುಟದ ಬೆನ್ನಿನಿಂದ ಒಂದು ಸಲ ಒತ್ತಿದ್ದ, ಅಷ್ಟೆ. ಮತ್ತೆ ಕಳಚದಂತೆ ಮೇಲೊಂದು ಕಂದು ಬಣ್ಣದ ಟೇಪಿನ ಚೂರು ಅಂಟಿಸಿದ. ಬ್ಯಾಟರಿ ಜೋಡಿಸಿ ಗುಂಡಿ ಅದುಮಿದ. ಮೈನಸ್ 47. ಹದಿನೈದು ದಿನಗಳಿಂದ ಬಾಗಿಲಲ್ಲಿ ಕಾದಿದ್ದ ಶುಭೋದಯ ಸಂದೇಶಗಳೆಲ್ಲ ಟಣಟಣ ಎನ್ನುತ್ತ ಒಳನುಗ್ಗಿದವು. ತಂತಿ ಮಾತ್ರ ನನ್ನತ್ತ ತಿರುಗಿಯೂ ನೋಡಲಿಲ್ಲ. ಅದಕ್ಕೆ ಕೆಲಸ ಸಿಕ್ಕಿತ್ತು.

ಮುಚ್ಚಳ ಕೂರಿಸಿ, ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಅಮುಕುತ್ತ ಹುಡುಗ ತಲೆ ಎತ್ತದೆ ಕೇಳಿದ:

"ಈಗಾದರೂ ಹೇಳಿ ಸಾರ್. ಬಿದ್ದಿತ್ತಾ?"

ಅವನ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನೊಮ್ಮೆ ನೋಡಿದೆ.

"ಸ್ವಲ್ಪ," ಎಂದೆ.