ಸಾಹೇಬರ ಸೈಕಲ್ ಜಾಥಾ

"ನಾಳೆ ಜಾಥಾಗೆ ಸೈಕಲ್ ರೆಡಿ ಏನಪ್ಪಾ?"

"ಕಾರಿನ ಮೇಲೆ ಕಟ್ಟಿದೀನಿ ಸಾರ್. ಸೀಟೂ ಇಳಿಸಿದೀನಿ, ಫೋಟೋ ತೆಗೆಯೋವಾಗ ಕಾಲು ನೆಲಕ್ಕೆ ತಾಗಬೇಕಲ್ಲ."

"ರೂಟು?"

"ಹೊರ ವರ್ತುಲ ರಸ್ತೆಯ ಸೈಕಲ್ ಪಥ. 2020ರಲ್ಲಿ ಗೂಟ ನೆಟ್ಟಿದ್ರಲ್ಲ, ಅದು. ಎಲ್ಲಿದೆ ಅಂತ ಬೆಳಗ್ಗೆಯಿಂದ ಹುಡುಕ್ತಿದಾರೆ."

"ಬಸ್ಸಿಗೇ ಅಂತ 2019ರಲ್ಲಿ ಒಂದು ಪಥ ಮಾಡಿದ್ವಲ್ಲ?"

"ಮೆಟ್ರೋ ಕಾಮಗಾರಿಗೆ ಹೋಯ್ತು ಸಾರ್."

"ಮೆಟ್ರೋ ಬಂದ್ರೆ ಎಲ್ಲಾ ಸರಿಹೋಗುತ್ತೆ ಬಿಡು."

"ಬಂದ ಕಡೆ 2025ರ ಫೆಬ್ರವರೀಲಿ ಗರಿಷ್ಠ ದರ 60 ರೂಪಾಯಿಯಿಂದ 90 ಆಯ್ತು. ನಮ್ಮನೆಯವಳಿಗೆ ಶಕ್ತಿ ಯೋಜನೆ, ಬಸ್ಸು ಪುಕ್ಕಟೆ. ನನಗೆ ಸ್ಕೂಟರೇ ಗತಿ."

"ನಡಿಯಪ್ಪಾ! ಶುಗರ್ ಇಳಿಯುತ್ತೆ."

"ನಡೆದೆ ಸಾರ್. ಫುಟ್‌ಪಾತಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್. ಬಳಸಿ ಹೋದ್ರೆ ಅಲ್ಲಾಡೋ ಚಪ್ಪಡಿ, ಕಾಲಿಟ್ಟ ತಕ್ಷಣ ಪ್ಯಾಂಟಿಗೆಲ್ಲ ಮೋರಿ ನೀರು. ಆಮೇಲೆ ಕೇಬಲ್ ಸುರುಳಿ. ಅದಕ್ಕೆ ಒರಗಿಸಿ ‘ನಡೆಯಿರಿ, ಆರೋಗ್ಯವಾಗಿರಿ’ ಅಂತ ನಿಮ್ಮ ಫೋಟೋ ಇರೋ ಫ್ಲೆಕ್ಸು. ಅಷ್ಟರಲ್ಲಿ ಹಿಂದಿನಿಂದ ಹಾರ್ನು."

"ರಸ್ತೆಗೆ ಯಾಕಿಳಿದೆ?"

"ಇಳಿದಿಲ್ಲ ಸಾರ್. ಬೈಕೇ ಹತ್ತಿ ಬಂದಿತ್ತು."

(ಬೈಕಿನವನ ತಪ್ಪೇನಿಲ್ಲ. ರಸ್ತೆಯಲ್ಲಿ ಅಂಥ ಹೊಂಡವಿದ್ದಾಗ ಜೀವದ ಆಸೆ ಯಾರಿಗಿಲ್ಲ?)

"ಇದನ್ನೆಲ್ಲ ನಾಳೆ ಪತ್ರಕರ್ತರ ಮುಂದೆ ಹೇಳಬೇಡ."

"ಇಲ್ಲ ಸಾರ್."

"ನಾನು ಎಷ್ಟು ದೂರ ತುಳೀಬೇಕು?"

"ವೇದಿಕೆಯಿಂದ ಕ್ಯಾಮೆರಾವರೆಗೆ. ಅಲ್ಲಿ ನಾನು ಹಿಡ್ಕೋತೀನಿ."

"ಗಣ್ಯರ ಕಾರುಗಳಿಗೆ ಪಾರ್ಕಿಂಗ್?"

"ಬಸ್ ಸ್ಟಾಪ್ ಮುಂದೆ ಜಾಗ ಬಿಡಿಸಿದೀವಿ ಸಾರ್. ನಾಳೆ ಅಲ್ಲಿ ಬಸ್ ನಿಲ್ಲಲ್ಲ."